ಸಾಲಿನ ತುದಿಯ ಗುರುತು

ನಾನು ಅಕ್ಕಲಕೋಟೆಯವನು, ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಸೋಲಾಪುರದ ಉಮಾಬಾಯಿಯವರ ಚಾದರ ಕಾರ್ಖಾನೆಯಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ಮಗ್ಗ ನಡೆಸುವ ಸ್ಕ್ರಿಪ್ಟನ್ನು, ಅಂದರೆ ಸಾಲುಸಾಲಾಗಿ ಬರೆದ ಕಂಪ್ಯೂಟರ್ ಆದೇಶಗಳ ಫೈಲನ್ನು, ಅವರ ಗಂಡ ಯೋಗಿರಾಜ ತೀರಿಕೊಳ್ಳುವ ಮೊದಲು ವಿಂಡೋಸ್‌ನಲ್ಲಿ ಬರೆದಿದ್ದರು. ಹೊಸ ಲಿನಕ್ಸ್ ಕಂಪ್ಯೂಟರಿನಲ್ಲಿ ಅದು ಓಡಲಿಲ್ಲ. ಎಂಟರ್ ಹೊಡೆದಾಗಲೆಲ್ಲ ವಿಂಡೋಸ್ ಸಾಲಿನ ತುದಿಗೆ ಕಣ್ಣಿಗೆ ಕಾಣದ ಒಂದು ಗುರುತು ಬಿಡುತ್ತದೆ. ಲಿನಕ್ಸ್ ಅಲ್ಲೇ ಎಡವುತ್ತದೆ. ಇನ್ನೂರ ಹನ್ನೆರಡು ಸಾಲುಗಳಿಂದಲೂ ಅದನ್ನು ತೆಗೆದೆ. ಮಗ್ಗ ಓಡಿತು.

ಮರುದಿನ ಮಧ್ಯಾಹ್ನ ನಿಂತಿತು. ಗುರುತುಗಳೆಲ್ಲ ಮರಳಿದ್ದವು.

"ಯಜಮಾನರ ಹಳೇ ಕಂಪ್ಯೂಟರ್ ಇನ್ನೂ ಚಾಲೂ ಐತೇನ್ರಿ?" ಅದೇ ನೆಟ್‌ವರ್ಕಿನಲ್ಲಿ ಫೈಲು ಬದಲಿಸುತ್ತಿರಬಹುದೆಂದು ಉಮಾಬಾಯಿಯವರನ್ನು ಕೇಳಿದೆ.

"ಅದನ್ನ ಹೋದ ವರ್ಷನ ಗುಜರಿಗಿ ಹಾಕೀವ್ರಿ. ಏನಾರ ಮಾಡ್ರಿ, ಮಗ್ಗ ನಿಂತ್ರ ಹನ್ನೆರಡು ಮಂದಿ ಮನಿಗಿ ಹೋಗ್ತಾರ."

ಮತ್ತೆ ತೆಗೆದೆ. ನೆಟ್‌ವರ್ಕ್ ವೈರು, ಕೀಬೋರ್ಡು ಎರಡನ್ನೂ ಕಿತ್ತೆ. ಕೀಬೋರ್ಡನ್ನು ಉಮಾಬಾಯಿ ತೊಡೆಯ ಮೇಲಿಟ್ಟುಕೊಂಡು ಕೂತರು. ಊಟದ ಹೊತ್ತಿಗೆ ಮಗ್ಗ ನಿಂತಿತು. ಅದರ ಸದ್ದು ಅಡಗಿದ ಮೇಲೆ ಕೋಣೆಯಲ್ಲಿ ಒಮ್ಮೆ ಟಕ್ ಎಂದು ಕೇಳಿಸಿತು.

"ಅವರು ಎಂಟರ್ ಹಿಂಗ ಜೋರ್ ಹೊಡೀತಿದ್ರು," ಎಂದರು ಉಮಾಬಾಯಿ. ಅವರ ಎರಡೂ ಕೈ ಸೆರಗಿನೊಳಗಿದ್ದವು.

ಫೈಲು ತೆರೆದೆ. ಗುರುತುಗಳು ಬಂದಿದ್ದವು. ಸಾಲುಗಳು ಇನ್ನೂರ ಹದಿಮೂರು, ಕಡೆಯದು ಖಾಲಿ.

ಅಂದೇ ಉಮಾಬಾಯಿ ಕಾರ್ಖಾನೆ ಮುಚ್ಚಿದರು; ಇವತ್ತಿಗೆ ಅರವತ್ತು ದಿನ. ಅಂದು ನಾನು ಮನೆಗೆ ತಂದಿಟ್ಟ ಆ ಫೈಲಿನ ಪ್ರತಿಯಲ್ಲಿ ಈಗ ಇನ್ನೂರ ಎಪ್ಪತ್ತಮೂರು ಸಾಲುಗಳಿವೆ.