ಜಾಲರಿಗೆ ಹರಿಯದ ನೀರು

“ಸಲಿಕೆಯನ್ನೂ ಬಿಟ್ಟಿಲ್ಲ ನೋಡು, ದರಿದ್ರದವನು!”

ಗ್ಯಾರೇಜಿನ ಖಾಲಿ ಮೂಲೆ ತೋರಿಸುತ್ತಾ ಮುದುಕ ಆರ್ವಿಡ್ ನಿಯೆಮಿ ಗುಡುಗಿದ. ನಿನ್ನೆ ಸಂಜೆ ಅಂಗಳದ ಹಿಮವನ್ನೆಲ್ಲ ತೂರಿ, ಹಿಮ ತೂರುವ ಯಂತ್ರವನ್ನು ಅಲ್ಲೇ ನಿಲ್ಲಿಸಿದ್ದ. ಬೆಳಗಾಗುವಷ್ಟರಲ್ಲಿ ಯಂತ್ರ ಮಾಯ. ಪಕ್ಕದಲ್ಲಿ ಒರಗಿಸಿಟ್ಟಿದ್ದ, ಅಂಚು ಸೊಟ್ಟಗಾದ ಸಲಿಕೆಯೂ ಮಾಯ.

ಷೆರಿಫ್ ಕಚೇರಿಯ ಪೊಲೀಸ್ ಮಾರ್ಲಿಸ್ ಹೊಕ್ಕನೆನ್ ಕೈಯಲ್ಲಿ ಕಾಫಿ ಹಿಡಿದು, ಬೂಟಿನ ಹಿಮ ಕೊಡವಿ ಒಳಗೆ ಬಂದಳು. ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ಈ ಊರಿನಲ್ಲಿ ಜನವರಿಯಲ್ಲಿ ಕದಿಯಬೇಕಾದರೆ ಕಳ್ಳನಿಗೂ ವೃತ್ತಿನಿಷ್ಠೆ ಬೇಕು. ಹೊರಗಿನ ಹೆಜ್ಜೆಗುರುತುಗಳನ್ನು ಹೊಸ ಹಿಮ ಮುಚ್ಚಿಹಾಕಿತ್ತು.

“ಬಾಗಿಲಿಗೆ ಬೀಗ?”

“ಬೀಗವಾ? ಈ ಊರಲ್ಲಾ?”

“ಸದ್ದೇನಾದ್ರೂ—?”

“ಕಿವಿ ಮಿಷನ್ ತೆಗೆದಿಟ್ಟು ಮಲಗ್ತೀನಿ. ನನ್ನ ಮನೇಲಿ ಕೇಳಿಸ್ಕೊಳ್ಳೋಕೆ ಯಾರ ಮಾತಿದೆ ಹೇಳು?”

ಮಾರ್ಲಿಸ್ ಮನೆಯಲ್ಲೂ ರೇಡಿಯೋ ಬಿಟ್ಟರೆ ಮಾತಾಡುವವರಿರಲಿಲ್ಲ. ಅವಳು ಗೋಡೆಯ ಗೂಡಿನ ಕಡೆ ನೋಡಿದಳು. ಮರ ಕೊಯ್ಯುವ ಹೊಚ್ಚಹೊಸ ಗರಗಸ ಹಾಗೇ ಇತ್ತು. ಪಕ್ಕದಲ್ಲಿ ಮಾತ್ರೆ ಡಬ್ಬಿ.

“ಇದು ಯಾವುದರ ಮಾತ್ರೆ?”

“ಎದೇದು. ಹಿಮದ ಕೆಲಸ ಮಾಡಬೇಡ ಅಂದಿದಾನೆ ಡಾಕ್ಟರು. ಅವನು ಬಂದು ಮಾಡ್ತಾನಾ?”

“ಯಾರ ಮೇಲಾದ್ರೂ ಅನುಮಾನ?”

“ತಂಗಿ ಮಗ ಡ್ವೈಟ್. ಹೋದ ವಾರ ಯಂತ್ರ ಕೇಳಿದ್ದ, ಕೊಡಲಿಲ್ಲ. ದೂರು ಬರ್ಕೋ. ನನಗಿರೋ ನೆಂಟ ಅವನೊಬ್ಬ. ಅವನೂ ಹೋಗ್ಲಿ!”

“ಎದುರುಮನೆ ಟೌನೋ?”

ಆರ್ವಿಡ್ ರಸ್ತೆಯಾಚೆಯ ಕಿಟಕಿಯನ್ನು ದುರುಗುಟ್ಟಿ ನೋಡಿದ. “ಅವನು ಸತ್ತರೂ ಇಲ್ಲಿಗೆ ಕಾಲಿಡಲ್ಲ. ಈ ನೆಲಕ್ಕೆ ಕಾಂಕ್ರೀಟು ಸುರಿದಿದ್ದು ನಾವಿಬ್ಬರೇ. ಮಟ್ಟ ಹಿಡಿದಿದ್ದು ಅವನು. ನೀರು ಚರಂಡಿ ಜಾಲರಿಗೆ ಇಳಿಯಲ್ಲ, ವಾಟ ತಪ್ಪಿದೆ ಕಣೋ ಅಂದೆ. ವಾಟ ಸರಿಯಾಗಿದೆ, ನಿನ್ನ ಮನೆ ಕುಸಿದಿದೆ ಅಂದ. ಅವತ್ತಿಂದ ಮಾತಿಲ್ಲ.”

ಮಾರ್ಲಿಸ್ ನೆಲ ನೋಡಿದಳು. ಬಗ್ಗಿ, ಆರ್ವಿಡ್‌ನ ಟ್ರಕ್ಕಿನ ಅಡಿಯನ್ನೂ ನೋಡಿದಳು.

“ಬೆಳಿಗ್ಗೆ ನೀರು ತಳ್ಳಿದ್ರಾ?”

“ಎಲ್ಲಿ ತಳ್ಳಲಿ? ಎದ್ದವನೇ ನಿಮಗೆ ಫೋನ್ ಮಾಡಿ—”

ಆರ್ವಿಡ್ ಈಗ ನೆಲ ನೋಡಿದ.

ಗಾಡಿಗೆ ಮೆತ್ತಿಕೊಂಡು ಬಂದ ಹಿಮ ರಾತ್ರಿಯೆಲ್ಲ ಕರಗಿ ನೆಲದ ಮೇಲೆ ಕೆರೆ ಕಟ್ಟುತ್ತದೆ. ಅದು ಮತ್ತೆ ಹೆಪ್ಪುಗಟ್ಟುವ ಮೊದಲು ವೈಪರಿನಿಂದ ತಳ್ಳಿಹಾಕುವುದೇ ಇಲ್ಲಿ ಹೆಚ್ಚಿನ ಮನೆಗಳ ಮೊದಲ ಕೆಲಸ; ಹಲ್ಲುಜ್ಜುವುದು ಆಮೇಲೆ. ಇಂದು ಮಾತ್ರ ನೆಲ ಒಣಗಿತ್ತು. ರಸ್ತೆಯ ಉಪ್ಪು ಬಿಟ್ಟ ಬಿಳಿ ಗೆರೆಗಳಷ್ಟೇ ಉಳಿದಿದ್ದವು.

“ನಿಮ್ಮ ಕಳ್ಳ ಕದ್ದಮೇಲೆ ನೆಲ ಒರೆಸಿ ಹೋಗಿದಾನೆ,” ಎಂದಳು ಮಾರ್ಲಿಸ್. “ಯಾಕೆ? ನೀವು ಜಾರಿ ಬೀಳಬಾರದು ಅಂತ.”

“ಡ್ವೈಟ್‌ಗೆ ಅಷ್ಟೊಂದು ಅಕ್ಕರೆಯಾ?”

“ಗೆರೆ ಯಾವ ಕಡೆ ಹೋಗಿದೆ ನೋಡಿ. ಹೊಸಬನಾದ್ರೆ ಕಣ್ಣೆದುರಿಗಿರೋ ಜಾಲರಿಗೆ ತಳ್ಳಿರೋನು. ಇವನು ಆ ಕಡೆ ನೋಡೇ ಇಲ್ಲ. ಸೀದಾ ಪಕ್ಕದ ಬಾಗಿಲಿಗೆ ತಳ್ಳಿದಾನೆ.”

ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ನೆಲದ ಮಧ್ಯದ ಜಾಲರಿಯ ಪಕ್ಕದಲ್ಲೇ ಸುರಿದಳು. ಕಾಫಿ ಕ್ಷಣ ಯೋಚಿಸಿತು. ಆಮೇಲೆ ಜಾಲರಿಗೆ ಬೆನ್ನು ತಿರುಗಿಸಿ ಬಾಗಿಲ ಕಡೆಗೆ ಹೊರಟಿತು.

“ಈ ನೆಲದ ಗುಟ್ಟು ಗೊತ್ತಿರೋರು ಇಬ್ಬರೇ. ಒಬ್ಬರು ನೀವು. ಗರಗಸ ಬಿಟ್ಟು ಸೊಟ್ಟ ಸಲಿಕೆ ಯಾಕೆ ಒಯ್ದ? ಯಂತ್ರ ಹೋದ್ರೆ ನೀವು ಸಲಿಕೆ ಹಿಡೀತೀರಿ, ಅದಕ್ಕೆ. ನಿಜ ಹೇಳಿ, ಇತ್ತೀಚೆಗೆ ಅಂಗಳದಲ್ಲಿ ಎದೆ ಹಿಡ್ಕೊಂಡು ಕೂತಿದ್ರಾ?”

“...ಒಂದೇ ಸಲ. ಯಾರೂ ನೋಡಿಲ್ಲ.”

ಮಾರ್ಲಿಸ್ ಎದುರುಮನೆಯ ಕಿಟಕಿಯತ್ತ ಕಣ್ಣು ಹಾಯಿಸಿದಳು. ಪರದೆ ಅಲುಗಿತು.

ಇಬ್ಬರೂ ರಸ್ತೆ ದಾಟಿ ಬಾಗಿಲು ಬಡಿದರು. ಟೌನೋ ಸಲ್ಮೆಲಾ ತೆರೆದವನೇ ಅವಳೊಬ್ಬಳಿಗೇ ಹೇಳಿದ: “ಯಂತ್ರ ಹಿತ್ತಲಲ್ಲಿದೆ. ಹಿಮ ಮುಟ್ಟಬೇಡ ಅಂತ ಕೂಗಿ ಹೇಳೋಣ ಅಂದ್ರೆ ಮಾತು ಬಿಟ್ಟಿದೀವಲ್ಲ. ಇವತ್ತಿಂದ ಅವನ ಅಂಗಳ ನಾನೇ ತೂರೋಣ ಅಂತಿದ್ದೆ.”

“ಕಳ್ಳತನದ ಮಾತು ಆಮೇಲೆ,” ಎಂದ ಆರ್ವಿಡ್, ಅವಳ ಹಿಂದಿನಿಂದ. “ನೀರನ್ನ ಬಾಗಿಲಿಗೆ ತಳ್ಳಿದ್ಯಲ್ಲ, ಹಾಗಾದ್ರೆ ವಾಟ ತಪ್ಪು ಅಂತ ಗೊತ್ತಿತ್ತು?”

ಟೌನೋ ಚಪ್ಪಲಿ ನೋಡಿಕೊಂಡ.

“ಸುರಿದ ದಿನವೇ ಗೊತ್ತಿತ್ತು ಕಣೋ.”

“ಕತ್ತೆ.” ಆರ್ವಿಡ್ ಮೂಗೊರೆಸಿಕೊಂಡ. “ನಾಳೆ ಬೆಳಿಗ್ಗೆ ಬಾ. ವೈಪರ್ ತಗೊಂಡು ಬಾ, ನನ್ನದನ್ನ ಕೊಡಲ್ಲ.”

ಮಾರ್ಲಿಸ್ ದೂರು ಬರೆದುಕೊಳ್ಳಲಿಲ್ಲ. ಸಂಜೆ ಮನೆ ತಲುಪಿ ಕಾರನ್ನು ಗ್ಯಾರೇಜಿಗೆ ನುಗ್ಗಿಸಿದಳು. ಎಂಜಿನ್ ಆರಿಸಿ ಅಲ್ಲೇ ಕುಳಿತಳು. ಚಕ್ರದ ಸಂದಿಯಿಂದ ಹಿಮ ಕರಗಿ ತೊಟ್ಟಿಕ್ಕತೊಡಗಿತು. ಅವಳ ಗ್ಯಾರೇಜಿನ ವಾಟ ಸರಿಯಾಗಿತ್ತು. ನೀರು ಯಾರ ಸಹಾಯವೂ ಬೇಕಿಲ್ಲದೆ ಜಾಲರಿಗೆ ಇಳಿಯಿತು. ಸಲಿಕೆ ಗೋಡೆಯ ಮೊಳೆಯಲ್ಲಿ, ಇಟ್ಟಲ್ಲೇ ಇತ್ತು; ಅದನ್ನು ಅಕ್ಕರೆಯಿಂದ ಕದಿಯುವವರು ಯಾರೂ ಇರಲಿಲ್ಲ.

ಒಳಗೆ ಹೋಗುವಾಗ ಪಕ್ಕದ ಬಾಗಿಲಿನ ಚಿಲಕ ಹಾಕಲು ಕೈ ಚಾಚಿದವಳು, ಹಾಕದೆ ಬಿಟ್ಟಳು.