ಆರು ತೂತು, ಏಳು ವಯರು

“ಕರೆಂಟ್ ಬಂತು” ಎಂದು ಕರಮ್ ಕೂಗಿದ್ದೇ ತಡ, ಮನೆಯವರೆಲ್ಲ ಕೈಯಲ್ಲೊಂದು ವಯರು ಹಿಡಿದು ಹಾಲ್‌ಗೆ ಓಡಿಬಂದರು. ಅಪ್ಪನ ಒಂದು ಕೆನ್ನೆಯಲ್ಲಿ ಗಡ್ಡವಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಟ್ರಿಮ್ಮರ್ ಅರ್ಧದಲ್ಲೇ ನಿಂತುಹೋಗಿತ್ತು.

“ಯಾರೂ ಮುಟ್ಟಬೇಡಿ. ಎಲ್ಲ ನಾನೇ ಹಾಕ್ತೀನಿ” ಎಂದಳು ಅವನ ತಂಗಿ ಲಮೀಸ್.

ಸೈದಾ ಊರಿನಲ್ಲಿ ಕರೆಂಟ್ ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಹೇಳಿದವರಿಲ್ಲ. ಉಳಿದ ಹೊತ್ತು ಬೀದಿಯ ಜನರೇಟರ್‌ನಿಂದ ಒಂದೆರಡು ಬಲ್ಬು ಉರಿಯುತ್ತವೆ, ಅಷ್ಟೆ. ಇನ್ನೇನಾದರೂ ಹಾಕಿದರೆ ಫ್ಯೂಸ್ ಹಾರುತ್ತದೆ. ಅದಕ್ಕೇ ಅಪ್ಪ ಆರು ತೂತಿನ ಚಾರ್ಜರ್ ತಂದಿದ್ದ. ತಂದ ದಿನದಿಂದ ಜಗಳ ಶುರು. ಬೇಸತ್ತ ಅಮ್ಮ ಚಾರ್ಜರನ್ನು ಲಮೀಸ್ ಕೈಗೆ ಕೊಟ್ಟು, “ಇವತ್ತಿಂದ ನೀನೇ ಕರೆಂಟ್ ಮಂತ್ರಿ” ಎಂದುಬಿಟ್ಟಿದ್ದಳು.

ಮಂತ್ರಿ ಒಂದೊಂದಾಗಿ ಸಿಕ್ಕಿಸಿದಳು. ಅಪ್ಪನ ಟ್ರಿಮ್ಮರ್, ಅಮ್ಮನ ಫೋನ್, ರೂಲಾ ಚಿಕ್ಕಮ್ಮನ ಫೋನ್, ಪುಟ್ಟ ಫ್ಯಾನ್, ಲ್ಯಾಂಪ್. ಕೊನೆಯದು ಅಜ್ಜಿಯ ಕಿವಿ ಮಿಷನ್ನಿನ ಡಬ್ಬಿ. ಅಜ್ಜಿಯನ್ನು ಮಕ್ಕಳು ಕರೆಯುವುದು ಟೇಟಾ ಎಂದು. ಟೇಟಾ ಡಬ್ಬಿ ಕೊಟ್ಟು, ನಕ್ಕು, ಸೋಫಾದ ತನ್ನ ಮೂಲೆಗೆ ಹೋಗಿ ಕೂತಳು.

“ನಂದು?” ಕರಮ್ ಗೇಮ್ ರಿಮೋಟ್ ಹಿಡಿದು ನಿಂತಿದ್ದ.

“ಜಾಗ ಇಲ್ಲ.”

“ಏ ಲಮ್ಮೂಸ್, ಇವತ್ತು ಫೈನಲ್ ಮ್ಯಾಚ್ ಕಣೇ.”

“ಮಂತ್ರಿಗಳೇ ಅನ್ನು.”

“ಮಂತ್ರಿಗಳೇ” ಎಂದು ಕರಮ್ ಸೊಂಟ ಬಗ್ಗಿಸಿದ. “ಸಂಜೆ ನೆಂಟರು ಬರ್ತಾರಲ್ಲ, ಆಗ ನನ್ನ ಪಾಲಿನ ಪಿಸ್ತಾ ಸಿಹಿ ಪೂರ್ತಿ ನಿಂಗೆ.”

ಲಮೀಸ್ ಚಾರ್ಜರ್ ಕಡೆ ನೋಡಿದಳು. ಅಪ್ಪನ ವಯರು ತೆಗೆದರೆ ಅರ್ಧ ಗಡ್ಡ. ಚಿಕ್ಕಮ್ಮನದು ತೆಗೆದರೆ ಯುದ್ಧ. ಫ್ಯಾನ್ ತೆಗೆದರೆ ಅಮ್ಮ ಬಿಡುವುದಿಲ್ಲ. ಟೇಟಾ ಮಾತ್ರ ಯಾವತ್ತೂ ಏನೂ ಕೇಳುವವಳಲ್ಲ. ಊಟಕ್ಕೆ ಕೂತಾಗಲೂ ಎಲ್ಲರ ಮಾತಿಗೂ ಸುಮ್ಮನೆ ನಗುತ್ತಿರುತ್ತಾಳೆ. ಅವಳಿಗೇನು ಅವಸರ?

ಲಮೀಸ್ ಡಬ್ಬಿಯ ವಯರು ಕಿತ್ತು ರಿಮೋಟ್ ಸಿಕ್ಕಿಸಿದಳು. “ಸ್ವಲ್ಪ ಹೊತ್ತು ಮಾತ್ರ” ಎಂದಳು.

ಆ ಸ್ವಲ್ಪ ಹೊತ್ತು ಮುಗಿಯುವುದರೊಳಗೆ ಕರೆಂಟ್ ಹೋಯಿತು.

ಸಂಜೆ ನೆಂಟರು ಬಂದರು. ರೂಲಾ ಚಿಕ್ಕಮ್ಮನನ್ನು ಹೆಣ್ಣು ಕೇಳಲು ಬಂದವರು. ಹುಡುಗ ನದೀಮ್, ಅವನ ತಾಯಿ, ಅವನ ತಂದೆ. ಅಪ್ಪನ ಎರಡೂ ಕೆನ್ನೆ ನುಣ್ಣಗಿದ್ದವು. ಚಿಕ್ಕಮ್ಮ ಟ್ರೇಯಲ್ಲಿ ಕಾಫಿ ತಂದಳು. ಮನೆಗೆ ಹಿರಿಯಳು ಟೇಟಾ. ಅದಕ್ಕೇ ನದೀಮ್‌ನ ತಾಯಿ ಅವಳ ಕಡೆಗೇ ತಿರುಗಿ, ಗೌರವಕ್ಕೆ ಹಾಜ್ಜಾ ಎಂದು ಕರೆದು ಮಾತು ಶುರುಮಾಡಿದರು.

“ನಮ್ಮ ನದೀಮ್ ಬ್ಯಾಂಕಲ್ಲಿ ಇದಾನೆ, ಹಾಜ್ಜಾ.”

“ಟ್ಯಾಂಕಲ್ಲಾ?” ಟೇಟಾಗೆ ಗಾಬರಿ. “ಅಯ್ಯೋ ಮಗನೇ, ಉಸಿರಾಡೋಕೆ ಕಷ್ಟ ಆಗಲ್ವಾ?”

ನದೀಮ್ ಕಾಫಿ ನುಂಗದೆ ಬಾಯಲ್ಲೇ ಇಟ್ಟುಕೊಂಡ.

ಅವನ ತಾಯಿ ದನಿ ಏರಿಸಿದರು. “ಒಳ್ಳೇ ಹುಡುಗ. ಮಾತು ಸ್ವಲ್ಪ ಕಮ್ಮಿ.”

“ಕೆಮ್ಮಾ? ಟ್ಯಾಂಕಲ್ಲಿದ್ರೆ ಕೆಮ್ಮದೆ ಇನ್ನೇನು? ರಾತ್ರಿ ಜೇನುತುಪ್ಪ ಕೊಡಿ. ಎದೆಗೆ ಎಣ್ಣೆ ತಿಕ್ಕಿ.”

ಅಮ್ಮ ಲಮೀಸ್ ಕಡೆ ನೋಡಿದಳು. ಲಮೀಸ್ ನೆಲದ ಕಾರ್ಪೆಟ್ ನೋಡಿದಳು. ಕರಮ್ ದಿಂಬಿಗೆ ಮುಖ ಒತ್ತಿಕೊಂಡ.

ನದೀಮ್‌ನ ತಂದೆ ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು: “ನಿಮ್ಮ ಹುಡುಗಿ ನಮಗೆಲ್ಲ ಒಪ್ಪಿಗೆ.”

“ಟೊಪ್ಪಿಗೆನಾ?” ಟೇಟಾ ಬಾಗಿಲ ಕಡೆ ಕೈ ತೋರಿಸಿದಳು. “ಅಲ್ಲೇ ಮೊಳೆ ಇದೆ, ತಗಲಿಹಾಕಿ. ಹೋಗುವಾಗ ಮರೆಯದೆ ತಗೊಂಡುಹೋಗಿ.”



“ಹೋಗುವಾಗ ಅಂದ್ರೆ?” ನದೀಮ್‌ನ ತಾಯಿ ಕಾಫಿ ಕಪ್ಪು ಕೆಳಗಿಟ್ಟರು. “ನಾವು ಈಗ ತಾನೇ ಬಂದಿದ್ದು.” ಅವರ ಇನ್ನೊಂದು ಕೈ ಬ್ಯಾಗಿನ ಮೇಲೆ ಹೋಯಿತು.

ಚಿಕ್ಕಮ್ಮನ ಕಣ್ಣಲ್ಲಿ ನೀರು ತುಂಬಿದ್ದು ಲಮೀಸ್‌ಗೆ ಕಂಡಿತು. ಅವಳು ಎದ್ದು ನಿಂತಳು.

“ಟೇಟಾಗೆ ನಿಮ್ಮ ಮಾತು ಕೇಳಿಸ್ತಿಲ್ಲ” ಎಂದಳು. “ಕಿವಿ ಮಿಷನ್ ಚಾರ್ಜ್ ಆಗಿಲ್ಲ. ನಾನೇ ವಯರು ಕಿತ್ತು ಇವನ ರಿಮೋಟ್ ಹಾಕಿದೆ. ಪಿಸ್ತಾ ಸಿಹಿಗೋಸ್ಕರ.”

ಇಷ್ಟು ಹೊತ್ತು ಬಾಯಿ ಬಿಡದ ನದೀಮ್ ಆಗ ನಕ್ಕ. ಕಾಫಿ ಮೂಗಿನಿಂದ ಬಂತು. ಅವನಿಗೆ ನಿಜವಾಗಿಯೂ ಕೆಮ್ಮು ಹತ್ತಿತು.

“ನಾನು ಹೇಳಲಿಲ್ವಾ” ಎಂದಳು ಟೇಟಾ. “ಎಣ್ಣೆ ತಿಕ್ಕಿ.”

ಅವನ ತಾಯಿ ಬ್ಯಾಗು ಬಿಟ್ಟು ಹೊಟ್ಟೆ ಹಿಡಿದುಕೊಂಡರು. ಚಿಕ್ಕಮ್ಮ ಟ್ರೇಯಲ್ಲೇ ಮುಖ ಮುಚ್ಚಿಕೊಂಡು ನಕ್ಕಳು. ಹಾಲ್ ತುಂಬ ನಗು.

ಟೇಟಾ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಆಮೇಲೆ ತಾನೂ ಮೆಲ್ಲಗೆ ನಕ್ಕಳು. ದಿನಾ ಊಟದ ಹೊತ್ತಿಗೆ ನಗುತ್ತಾಳಲ್ಲ, ಅದೇ ನಗು.

ಲಮೀಸ್ ಹೋಗಿ ಅವಳ ಪಕ್ಕ ಅಂಟಿಕೊಂಡು ಕೂತು, ಕಿವಿಗೆ ಬಾಯಿಟ್ಟು ನಡೆದದ್ದೆಲ್ಲ ಹೇಳಿದಳು. ಟ್ಯಾಂಕು, ಕೆಮ್ಮು, ಟೊಪ್ಪಿಗೆ. ಟೇಟಾಳ ಭುಜ ಅಲುಗಾಡತೊಡಗಿತು. ಕಣ್ಣೀರು ಬರುವಷ್ಟು ನಕ್ಕಳು. ಅಷ್ಟರಲ್ಲಿ ಉಳಿದವರ ನಗು ಮುಗಿದಿತ್ತು. ಅವಳೊಬ್ಬಳದೇ ನಡೆಯುತ್ತಿತ್ತು.

ಮಾತು ಮತ್ತೆ ಶುರುವಾಯಿತು. ಲಮೀಸ್ ಅಲ್ಲಿಂದ ಏಳಲಿಲ್ಲ. ಯಾರು ಏನೇ ಹೇಳಿದರೂ ಅದನ್ನು ಟೇಟಾಳ ಕಿವಿಗೆ ದಾಟಿಸಿದಳು. ಅಪ್ಪ ತನ್ನ ಅರ್ಧ ಗಡ್ಡದ ಕತೆ ಹೇಳಿದಾಗ ಮತ್ತೆ ಎಲ್ಲರೂ ಗೊಳ್ಳೆಂದರು. ಲಮೀಸ್‌ಗೂ ನಗು ಉಕ್ಕಿ ಬಂತು.

ಅವಳು ತುಟಿ ಬಿಗಿಹಿಡಿದಳು. ಮೊದಲು ಟೇಟಾಗೆ ಹೇಳಿ ಮುಗಿಸಿದಳು. ಆಮೇಲೆ ಇಬ್ಬರೂ ಒಟ್ಟಿಗೆ ನಕ್ಕರು.