ನೂರಿಪ್ಪತ್ತು ಲೀಟರ್ ನೀರಿನ ಕಳವು

2016ರ ಜನವರಿ 12, ಮಂಗಳವಾರ. ಮೆಲ್ಬರ್ನಿನ ಉತ್ತರದ ಕ್ರೇಗಿಬರ್ನ್ ಠಾಣೆಗೆ ಬೆಳಿಗ್ಗೆ 10.20ಕ್ಕೆ ಬಂದ ದೂರು ಇಷ್ಟೇ: ನೂರಿಪ್ಪತ್ತು ಲೀಟರ್ ಕುಡಿಯುವ ನೀರು ಕಳುವಾಗಿದೆ.

ಕೌಂಟರಿನಲ್ಲಿದ್ದ ಕಾನ್‌ಸ್ಟೇಬಲ್ ಮಿಕ್ ಅದನ್ನು ಬರೆದುಕೊಳ್ಳಲಿಲ್ಲ. ಒಳಗೆ ಬಂದು ಡಿಟೆಕ್ಟಿವ್ ಸಾರ್ಜೆಂಟ್ ಕ್ಲೌಡಿಯಾ ರೆಬೆಲ್ಲೊಳ ಮೇಜಿಗೆ ಒರಗಿ ನಿಂತ.

“ಕಾರು ಕದ್ದವರನ್ನು ಹಿಡಿದಿದ್ದೇನೆ, ಕಾರಿನ ಚಕ್ರ ಕದ್ದವರನ್ನೂ ಹಿಡಿದಿದ್ದೇನೆ. ನೀರು ಕದ್ದವನನ್ನು ಹೇಗೆ ಹಿಡಿಯೋದು, ಸಾರ್ಜ್? ಒರೆಸೋ ಬಟ್ಟೆ ತಗೊಂಡು ಹೋಗಲಾ?”

ಕ್ಲೌಡಿಯಾ ನಗುವಷ್ಟರಲ್ಲಿ ಹೊರಗಿನಿಂದ ಒಂದು ಹೆಂಗಸಿನ ದನಿ ಕೇಳಿಸಿತು. ಎಫ್‌ಐಆರ್ ಆಗದೆ ತಾನು ಹೋಗುವುದಿಲ್ಲ ಎಂದು ಅದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಕ್ಲೌಡಿಯಾ ಮಂಗಳೂರು ಬಿಟ್ಟು ಇಪ್ಪತ್ತು ವರ್ಷವಾಗಿತ್ತು, ಎಫ್‌ಐಆರ್ ಎಂಬ ಮಾತನ್ನು ಈ ಠಾಣೆಯಲ್ಲಿ ಯಾರೂ ಆಡಿದ್ದಿಲ್ಲ. ಅವಳು ಎದ್ದು ಹೋದಳು.

ದೂರು ತಂದವಳು ಸುಗುಣಾ, ಉಡುಪಿ ಕಡೆಯವಳು, ವಯಸ್ಸು ಮೂವತ್ತನಾಲ್ಕು. ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ಮನೆ, ಡೇಕೇರ್‌ನಲ್ಲಿ ಕೆಲಸ. ಊರಿನಿಂದ ಬಂದ ಮಾವ ತನಿಯಪ್ಪನವರಿಗೆ ಮರುಭೂಮಿ ತೋರಿಸಬೇಕೆಂದು ಗಂಡ ಜಯೇಶ್ ಸಿಡ್ನಿಯಲ್ಲಿ ಮೋಟರ್‌ಹೋಮ್ ಬಾಡಿಗೆಗೆ ಹಿಡಿದಿದ್ದ. ಒಳಗೇ ಹಾಸಿಗೆ, ಒಲೆ, ಸಿಂಕ್ ಇರುವ ಗಾಡಿ. ಮರುಭೂಮಿ ಸುತ್ತಿ ಬಾಡಿಗೆ ಕಂಪನಿಯ ಕ್ರೇಗಿಬರ್ನ್ ಡಿಪೋದಲ್ಲಿ ಒಪ್ಪಿಸುವುದೆಂದು ಮಾತಾಗಿತ್ತು. ಶುಕ್ರವಾರ ರಾತ್ರಿ ಅವರು ಟ್ವಿನ್ ಬೋರ್ ಎಂಬ ತಂಗುದಾಣದಲ್ಲಿ ಗಾಡಿ ನಿಲ್ಲಿಸಿದರು. ಅಲ್ಲಿ ಒಂದು ಕಕ್ಕಸು, ಒಂದು ಬೋರ್ಡು ಬಿಟ್ಟರೆ ಏನೂ ಇಲ್ಲ, ನೀರು ನಾವೇ ಒಯ್ಯಬೇಕು.

ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಹನಿಯೂ ಬರಲಿಲ್ಲ. ಊರು ಸೇರಿಕೊಳ್ಳೋಣವೆಂದು ಹೊರಟು ನಲವತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಚಕ್ರ ಮರಳಲ್ಲಿ ಹೂತಿತು. ನಲವತ್ನಾಲ್ಕು ಡಿಗ್ರಿ ಬಿಸಿಲು, ಫೋನಿಗೆ ಸಿಗ್ನಲ್ ಇಲ್ಲ. ಐದು ಗಂಟೆಯ ನಂತರ ಒಂದು ಲಾರಿ ಬಂದಾಗ ತನಿಯಪ್ಪನವರಿಗೆ ಎಚ್ಚರವಿರಲಿಲ್ಲ. ಎರಡು ರಾತ್ರಿ ಆಸ್ಪತ್ರೆಯಲ್ಲಿ ಮಲಗಿ ಈಗ ಇಲ್ಲೇ ಸಂಬಂಧಿಕರ ಮನೆಯಲ್ಲಿದ್ದಾರೆ.

“ನೀರಿನ ಟ್ಯಾಂಕ್ ಯಾವಾಗ ತುಂಬಿಸಿದ್ದು?” ಕ್ಲೌಡಿಯಾ ಕೇಳಿದಳು.

“ಶುಕ್ರವಾರ ಸಂಜೆ, ಪೆಟ್ರೋಲ್ ಬಂಕಿನಲ್ಲಿ. ತುಂಬಿ ಹೊರಗೆ ಚೆಲ್ಲುವವರೆಗೆ. ನೂರ ಮೂವತ್ತೈದು ಲೀಟರ್ ಹಿಡಿಯುವ ಟ್ಯಾಂಕು.”

“ನೋಡಿದವರು?”

“ಯಾರೂ ಇಲ್ಲ. ಇವರು ಫೋನಿನಲ್ಲಿದ್ದರು, ಮಾವ ಮಲಗಿದ್ದರು.”

“ರಾತ್ರಿ ಎಷ್ಟು ಬಳಸಿದಿರಿ?”

“ಕುಚ್ಚಲಕ್ಕಿ ಬೇಯಿಸಿದೆ, ಮೇಡಂ. ಅದಕ್ಕೆ ನೀರು ಜಾಸ್ತಿ ಬೇಕು, ನಿಮಗೆ ಗೊತ್ತುಂಟಲ್ಲ. ಪಾತ್ರೆಯೂ ಸೇರಿ ಹದಿನೈದು ಲೀಟರ್ ಹಿಡಿಯಿರಿ. ಇಪ್ಪತ್ತಂತೂ ಇಲ್ಲ.”

ಅವಳು ಚೀಲದಿಂದ ಒಂದು ಕಾಗದ ತೆಗೆದಳು. ಗಾಡಿ ಒಪ್ಪಿಸುವಾಗ ಬಾಡಿಗೆ ಕಂಪನಿ ಬರೆಸಿಕೊಂಡ ಫಾರಂ. ಹೊರಡುವಾಗ ಬಾಡಿಗೆದಾರರು ನೀರು ತುಂಬಿಸಿರಲಿಲ್ಲ ಎಂದು ಅದರಲ್ಲಿತ್ತು. ಕೆಳಗೆ ಜಯೇಶನ ಸಹಿ. ಹೆಂಡತಿ ಮರೆತಿದ್ದಾಳೆಂದೇ ಅವನು ನಂಬಿದ್ದ. ಸಂಬಂಧಿಕರಿಗೂ ಹಾಗೇ ಹೇಳಿದ್ದ, ಉಡುಪಿಗೂ ಫೋನ್ ಹೋಗಿತ್ತು. ಸೊಸೆ ಮಾವನನ್ನು ಬಾಯಾರಿಸಿ ಕೊಲ್ಲಲಿದ್ದಳಂತೆ ಎನ್ನುವವರೆಗೆ ಮಾತು ಬೆಳೆದಿತ್ತು.

“ನನಗೆ ನೀರು ವಾಪಸ್ ಬೇಡ,” ಎಂದಳು ಸುಗುಣಾ. “ಈ ಕಾಗದ ಸುಳ್ಳು ಅಂತ ಆಗಬೇಕು.”

ಕ್ಲೌಡಿಯಾ ಮೊದಲು ಡಿಪೋಗೆ ಫೋನ್ ಮಾಡಿ ಆ ಗಾಡಿಯನ್ನು ತೊಳೆಯಬೇಡಿ ಎಂದಳು. ಅದಾಗಲೇ ತೊಳೆಯುವ ಸಾಲಿನಲ್ಲಿ ಮೂರನೆಯದಾಗಿತ್ತು. 11.45ಕ್ಕೆ ಅವಳು ಬೆನ್ನು ಕೆಳಗಾಗಿ ಅದರ ಅಡಿಗೆ ನುಸುಳಿದಳು. ಮಿಕ್ ಟಾರ್ಚ್ ಹಿಡಿದು ಫೋಟೊ ತೆಗೆದ. ಟ್ಯಾಂಕಿನ ತಳದ ನಲ್ಲಿ ಬಿಗಿಯಾಗಿ ಮುಚ್ಚಿತ್ತು, ಅಂದರೆ ಸೋರಿದ್ದಲ್ಲ. ಅದರ ಕುತ್ತಿಗೆಯ ಸುತ್ತ ಹೊಸ ಗೀರುಗಳಿದ್ದವು. ಯಾರೋ ಪೈಪು ಸಿಕ್ಕಿಸಿ ಕ್ಲಿಪ್ಪು ಬಿಗಿದಿದ್ದರು.

“ಒರೆಸೋ ಬಟ್ಟೆ ಬೇಡ ಅನ್ಸುತ್ತೆ, ಸಾರ್ಜ್,” ಎಂದ ಮಿಕ್ ಮೆಲ್ಲಗೆ.

ಮೆಕ್ಯಾನಿಕ್ ಪಂಪಿನ ಜಾಲರಿ ಬಿಚ್ಚಿಕೊಟ್ಟ. ಅದರಲ್ಲಿ ಕೂದಲಿನಂಥ ಕಂದು ಎಳೆಗಳು ಸಿಕ್ಕಿದ್ದವು. ಎಲ್ಲಿಯದೋ ಹುಲ್ಲು ಎಂದ ಅವನು. ಕ್ಲೌಡಿಯಾ ಮೂಗಿಗೆ ಹಿಡಿದಳು. ಲಾವಂಚದ ಬೇರು. ಬೇಸಿಗೆ ಬಂತೆಂದರೆ ಅವಳ ಅಜ್ಜಿ ಮಣ್ಣಿನ ಹೂಜಿಗೆ ಹಾಕುತ್ತಿದ್ದದ್ದು ಇದನ್ನೇ.

ಮಧ್ಯಾಹ್ನ ಆ ಎಳೆಗಳನ್ನು ಮುಂದಿಟ್ಟಾಗ ಸುಗುಣಾ ದನಿ ತಗ್ಗಿಸಿ ಎಲ್ಲ ಹೇಳಿದಳು. ಟ್ಯಾಂಕಿನ ನೀರು ಪ್ಲಾಸ್ಟಿಕ್ ನಾತ ಹೊಡೆಯುತ್ತದೆಂದು ಮಾವ ಕುಡಿಯುತ್ತಲೇ ಇರಲಿಲ್ಲವಂತೆ. ಅದಕ್ಕೇ ತುಂಬಿಸುವಾಗ ಬೇರಿನ ಕಟ್ಟನ್ನು ಒಳಗೆ ಬಿಟ್ಟಿದ್ದಳು, ಮರುದಿನ ಯಾರ ಕಣ್ಣಿಗೂ ಬೀಳಬಾರದೆಂದು ಅದನ್ನು ಎಳೆದು ಬಿಸಾಡಿದ್ದಳು. ಬೇರು ತಂದವರು ಮಾವ. ಈ ದೇಶಕ್ಕೆ ಗಿಡಬೇರು ತಂದರೆ ತಿಳಿಸಲೇಬೇಕಾದ ವಿಮಾನ ನಿಲ್ದಾಣದ ಕಾರ್ಡಿನಲ್ಲಿ ಅಂಥದ್ದೇನೂ ಇಲ್ಲ ಎಂದು ಬರೆದೇ ಅವರು ಒಳಗೆ ಬಂದದ್ದು. ಬಾಯಿ ಬಿಟ್ಟರೆ ಎಪ್ಪತ್ತೆರಡರ ಮನುಷ್ಯನ ವೀಸಾಕ್ಕೆ ಏನಾಗುತ್ತದೋ ಎಂದು ಹೆದರಿ, ಎಲ್ಲರ ಬೈಗುಳ ನುಂಗಿ ಸುಮ್ಮನಿದ್ದಳು.

ಜನವರಿ 14, ಗುರುವಾರ ಮಧ್ಯಾಹ್ನ 2.30. ಆರು ಗಂಟೆ ಗಾಡಿ ಓಡಿಸಿ ಕ್ಲೌಡಿಯಾ ಮತ್ತು ಮಿಕ್ ಟ್ವಿನ್ ಬೋರ್ ತಲುಪಿದರು. ನೆಲ ಕೆಂಪು, ಪೊದೆ ಬೂದಿ ಬಣ್ಣ. ಸಿಡ್ನಿಯಿಂದ ಬಂದ ಮುದಿ ದಂಪತಿಯ ವ್ಯಾನ್ ಒಂದೇ ನಿಂತಿತ್ತು. ಬೋರ್ಡಿನ ಕೆಳಗೆ ಪ್ರವಾಸಿಗಳು ಹೆಸರು ಬರೆಯುವ ಪುಸ್ತಕವಿತ್ತು. ಕ್ಲೌಡಿಯಾ ಹಿಂದಿನ ಹಾಳೆಗಳನ್ನು ತಿರುವಿದಳು. ಎರಡು ತಿಂಗಳಲ್ಲಿ ಮೂವರು, ರಾತ್ರಿ ಟ್ಯಾಂಕು ಹೇಗೋ ಸೋರಿಹೋಯಿತೆಂದು ಬರೆದಿದ್ದರು. ಒಬ್ಬರಿಗೂ ಕಳವು ಎಂಬ ಯೋಚನೆ ಬಂದಿರಲಿಲ್ಲ.

ಪುಸ್ತಕ ನೋಡಿಕೊಳ್ಳುವವನು ಕೀತ್ ಮಲ್ಹೋಲ್. ಅರವತ್ತೆಂಟರ ಒಂಟಿ ಮನುಷ್ಯ, ಇನ್ನೂರು ಮೀಟರಿನಾಚೆ, ಪೊದೆಗಳ ಮರೆಯಲ್ಲಿ ತಗಡಿನ ಮನೆ. ಮನೆಯ ಹಿಂದೆ ಒಂದು ನಿಂಬೆ ಮರ ಎಷ್ಟು ಹಸಿರಾಗಿತ್ತೆಂದರೆ ಮಿಕ್ ಕನ್ನಡಕ ತೆಗೆದು ಮತ್ತೊಮ್ಮೆ ನೋಡಿದ.

ಕೀತ್ ಅವರನ್ನು ನೆರಳಿಗೆ ಕರೆದು ಕೂರಿಸಿದ. ಇಂಥ ಬಿಸಿಲಲ್ಲಿ ಮೊದಲು ನೀರು, ಆಮೇಲೆ ಮಾತು ಎನ್ನುತ್ತ ಗೋಡೆ ಬದಿಯ ಡ್ರಮ್ಮಿನಿಂದ ಎರಡು ಲೋಟ ತುಂಬಿ ತಂದ. ಮಿಕ್ ಗಟಗಟನೆ ಕುಡಿದ. ಕ್ಲೌಡಿಯಾಳ ಲೋಟ ತುಟಿಯವರೆಗೆ ಹೋಗಿ ನಿಂತಿತು. ಅವಳು ಮೆಲ್ಲಗೆ ಉಸಿರೆಳೆದುಕೊಂಡಳು. ಈ ಕೆಂಪು ಮರಳಿನ ನಡುವೆ, ಅಪರಿಚಿತನ ಲೋಟದಲ್ಲಿ, ಅಜ್ಜಿಯ ಅಡುಗೆಮನೆ.

“ಒಳ್ಳೆ ನೀರು,” ಎಂದಳು. “ಎಲ್ಲಿಯದು?”

“ಬೋರಿನದು.”

“ಬೋರ್ಡಿನಲ್ಲಿ ಬೋರಿನ ನೀರು ಉಪ್ಪು, ಕುಡಿಯಬೇಡಿ ಅಂತ ಇದೆಯಲ್ಲ. ಬರೆದವರು ಯಾರು?”

ಕೀತ್ ಟೊಪ್ಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. “ನಾನೇ.”

“ಈ ವಾಸನೆ?”

“ಗೊತ್ತಿಲ್ಲ. ಇಷ್ಟು ರುಚಿಯ ನೀರು ಹುಟ್ಟಿದ ಮೇಲೆ ಕುಡಿದಿಲ್ಲ. ಅದಕ್ಕೇ ಮರಕ್ಕೆ ಹಾಕದೆ ಇಟ್ಟುಕೊಂಡೆ.”

ಆಡಿದ ಮಾತು ಅವನಿಗೇ ಕೇಳಿಸಿತು. ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಕ್ಲೌಡಿಯಾ ತಡೆದು, ಇನ್ನು ಏನೂ ಹೇಳಬೇಕಾಗಿಲ್ಲ, ಹೇಳಿದ್ದು ಸಾಕ್ಷ್ಯವಾಗಬಹುದು ಎಂದು ನಿಯಮದಂತೆ ತಿಳಿಸಿದಳು. 3.10ಕ್ಕೆ ದಸ್ತಗಿರಿ. ಶೆಡ್ಡಿನಲ್ಲಿ ತಳ್ಳುಗಾಡಿ, ಎರಡು ಡ್ರಮ್ಮು, ಉದ್ದ ಪೈಪು ಸಿಕ್ಕವು. ಪೈಪಿನ ತುದಿಯ ಕ್ಲಿಪ್ಪಿನ ಹಲ್ಲುಗಳು ಫೋಟೊದ ಗೀರುಗಳಿಗೆ ಸರಿಯಾಗಿ ಕೂತವು. ನೀರನ್ನು ಬಾಟಲಿಗೆ ತುಂಬಿ ಮೊಹರು ಮಾಡಿ, ವ್ಯಾನಿನ ದಂಪತಿಯ ಸಹಿ ಹಾಕಿಸಲಾಯಿತು. ಊರಿನಲ್ಲಾಗಿದ್ದರೆ ಇದಕ್ಕೆ ಪಂಚನಾಮೆ ಎನ್ನುತ್ತಿದ್ದರು ಎಂದು ಕ್ಲೌಡಿಯಾ ಹೇಳಿದಳು. ಮಿಕ್ ಆ ಪದವನ್ನು ನಾಲ್ಕು ಸಲ ಹೇಳಿ ನೋಡಿ ಕೈಬಿಟ್ಟ.

ಹೇಳಿಕೆಯಲ್ಲಿ ಕೀತ್ ಏನನ್ನೂ ಮುಚ್ಚಿಡಲಿಲ್ಲ. ಬೋರು ಉಪ್ಪಾಗಿ ಆರು ವರ್ಷವಾಗಿತ್ತು. ತಾಯಿ ನೆಟ್ಟ ನಿಂಬೆ ಒಣಗುತ್ತಿತ್ತು. ನವೆಂಬರಿನಲ್ಲಿ ಒಬ್ಬ ಪ್ರವಾಸಿ ಸಿಹಿನೀರಿನಲ್ಲಿ ಅರ್ಧ ಗಂಟೆ ನಾಯಿಗೆ ಸ್ನಾನ ಮಾಡಿಸಿದ್ದನ್ನು ಅವನು ಬೇಲಿಯಾಚೆ ನಿಂತು ನೋಡಿದ್ದ. ಅಂದಿನಿಂದ ಶುರು. ಮುಂದಿನ ಊರಿನಲ್ಲಿ ಅವರು ಮತ್ತೆ ತುಂಬಿಸಿಕೊಳ್ಳುತ್ತಾರೆಂದು ಎಣಿಸಿದ್ದ. ನಡುದಾರಿಯಲ್ಲಿ ಒಬ್ಬ ಮುದುಕ ಬಿದ್ದನೆಂದು ತಿಳಿದಾಗ ಬದುಕಿದ್ದಾನೋ ಎಂದು ಎರಡು ಸಲ ಕೇಳಿದ. ಆಮೇಲೆ, ಕಳವಿನ ಜೊತೆಗೆ ಜೀವಕ್ಕೆ ಅಪಾಯ ತಂದ ಆರೋಪವನ್ನೂ ತಲೆಯಾಡಿಸಿ ಒಪ್ಪಿಕೊಂಡ.

ಶನಿವಾರ ಬೆಳಿಗ್ಗೆ ಕ್ಲೌಡಿಯಾ ಸಂಬಂಧಿಕರ ಮನೆಗೆ ಹೋದಳು. ನಡುಮನೆಯಲ್ಲಿ ಎಲ್ಲರೂ ಇದ್ದರು. ನೀರನ್ನು ಹೋಲಿಸಿ ನೋಡಲು ಉಳಿದ ಬೇರು ಬೇಕು, ಅದನ್ನು ತಂದವರ ಹೇಳಿಕೆಯೂ ಬೇಕು ಎಂದಳು. ತಾನೇ ಅಂಗಡಿಯಲ್ಲಿ ಕೊಂಡದ್ದೆಂದು ಸುಗುಣಾ ಶುರುಮಾಡುವುದರೊಳಗೆ ತನಿಯಪ್ಪನವರು ಕೋಣೆಗೆ ಹೋಗಿ ಬೇರಿನ ಪೊಟ್ಟಣ ತಂದು ಮೇಜಿನ ಮೇಲಿಟ್ಟರು.

“ಬೇರು ನಾನು ತಂದದ್ದು. ಕಾರ್ಡಿನಲ್ಲಿ ಇಲ್ಲ ಅಂತ ಬರೆದದ್ದೂ ನಾನೇ. ಎರಡನ್ನೂ ಬರ್ಕೊಳ್ಳಿ, ಮಗಾ.”

“ದಂಡ ಬೀಳಬಹುದು, ಅಂಕಲ್.”

“ಬೀಳಲಿ. ಇವಳ ತಲೆ ಮೇಲೆ ಬಿದ್ದದ್ದಕ್ಕಿಂತ ದೊಡ್ಡದಾ ಅದು?”

ಕ್ಲೌಡಿಯಾ ಬರೆದುಕೊಂಡಳು. ನಂತರ ತನಿಖಾ ವರದಿಯ ಹಾಳೆಯನ್ನು ಜಯೇಶನ ಕೈಗೆ ಕೊಟ್ಟು, ಕಂಪನಿಯ ಫಾರಂ ರದ್ದಾಗಬೇಕಾದರೆ ಇದನ್ನು ಓದಿ ಸಹಿ ಹಾಕಬೇಕು ಎಂದಳು. ಅವನು ಮನಸ್ಸಿನಲ್ಲೇ ಓದಿಕೊಳ್ಳಲು ಹೊರಟ. ಎಲ್ಲರಿಗೂ ಕೇಳಲಿ ಎಂದರು ತನಿಯಪ್ಪನವರು. ಉಡುಪಿಗೆ ವಿಡಿಯೋ ಕಾಲ್ ಹಚ್ಚಿಸಿ ಫೋನನ್ನು ಹೂದಾನಿಗೆ ಒರಗಿಸಿ ನಿಲ್ಲಿಸಿದರು.

ಜಯೇಶ್ ತಗ್ಗಿದ ದನಿಯಲ್ಲಿ ಓದಿದ. ಶುಕ್ರವಾರ ಸಂಜೆ ಸುಗುಣಾ ಟ್ಯಾಂಕನ್ನು ಪೂರ್ತಿ ತುಂಬಿಸಿದ್ದರು. ರಾತ್ರಿ ಅದನ್ನು ಕಳವು ಮಾಡಲಾಗಿದೆ. ಆಕೆಯ ಕಡೆಯಿಂದ ಯಾವ ಅಜಾಗರೂಕತೆಯೂ ಇಲ್ಲ.

ಸುಗುಣಾ ಸೆರಗಿನಿಂದ ಕಣ್ಣೊರೆಸಿಕೊಂಡು, ಕುರ್ಚಿ ಎಳೆದು ಗಂಡನ ಎದುರಿಗೇ ಕೂತಳು.

“ಇನ್ನೊಮ್ಮೆ ಓದಿ,” ಎಂದಳು. “ಸ್ವಲ್ಪ ಜೋರಾಗಿ.”